ಮೇಳದ ಬಯಲಿನ ಇಂಟರ್‌ನೆಟ್ ಬಿಲ್ಲು ಯಾರ ತಲೆಗೆ?

2018ರ ನವೆಂಬರ್ 8ರ ಬೆಳಿಗ್ಗೆ ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಗುಡ್ಡದ ಊರಿಗೆ ಕಾಳ್ಗಿಚ್ಚು ನುಗ್ಗಿತು. ವಿದ್ಯುತ್ ಕಂಪನಿಯೊಂದರ ಹಳೆಯ ತಂತಿಮಾರ್ಗದಿಂದ ಹುಟ್ಟಿದ ಆ ಬೆಂಕಿಗೆ 85 ಜನ ಬಲಿಯಾದರು, 18,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು, ಸುಮಾರು 50,000 ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಓಡಿದರು. ಹಾಗೆ ಓಡಿದವರಲ್ಲಿ ಅನೇಕರಿಗೆ ಆಸರೆಯಾದದ್ದು ಗ್ರಿಡ್ಲಿಯಲ್ಲಿರುವ ಬ್ಯೂಟ್ ಕೌಂಟಿಯ ಮೇಳದ ಬಯಲು. ಪಕ್ಕದ ಚಿಕೋ ನಗರದ ಸಿಲ್ವರ್ ಡಾಲರ್ ಮೇಳದ ಬಯಲು ಮೊದಲು ಬೆಂಕಿ ನಂದಿಸುವವರ ನೆಲೆಯಾಯಿತು, ಆಮೇಲೆ ನಿರಾಶ್ರಿತರ ಶಿಬಿರವಾಯಿತು. ಅದೇ ಚಿಕೋ ಬಯಲಿಗೆ ಎರಡು ವರ್ಷದೊಳಗೆ ಇದು ಎರಡನೆಯ ಸರದಿ. 2017ರ ಫೆಬ್ರವರಿ 12ರಂದು ಓರೊವಿಲ್ ಅಣೆಕಟ್ಟೆಯ ಕೋಡಿ ಕೊಚ್ಚಿಹೋಗುವ ಭಯ ಎದ್ದಾಗ ಕೆಳಗಿನ ಊರುಗಳ 1,88,000 ಜನರಿಗೆ ತಕ್ಷಣ ಜಾಗ ಖಾಲಿ ಮಾಡಲು ಆಜ್ಞೆಯಾಗಿತ್ತು. ಆಗಲೂ ಜನ ಬಂದು ಸೇರಿದ್ದು ಅಲ್ಲಿಗೇ. ಒಂದು ಸಲ ನೀರು, ಒಂದು ಸಲ ಬೆಂಕಿ, ಗೇಟು ಮಾತ್ರ ಒಂದೇ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಯಲುಗಳು, ಅಲ್ಲಿಯವರು ಫೇರ್‌ಗ್ರೌಂಡ್ ಎನ್ನುವ ಜಾಗಗಳು, 70ಕ್ಕೂ ಹೆಚ್ಚಿವೆ. ವರ್ಷದಲ್ಲಿ ಕೆಲವು ದಿನ ಅಲ್ಲಿ ಕೃಷಿ ಮೇಳ ನಡೆಯುತ್ತದೆ: ಹೋರಿ, ಹಂದಿ, ಕುರಿಗಳ ಪ್ರದರ್ಶನ, ಶಾಲಾ ಮಕ್ಕಳೇ ಸಾಕಿ ಬೆಳೆಸಿದ ಜಾನುವಾರುಗಳ ಹರಾಜು, ಜಾಯಿಂಟ್ ವ್ಹೀಲು, ಹಾಡು, ತಿಂಡಿ ಅಂಗಡಿಗಳ ಸಾಲು. ಉಳಿದ ದಿನಗಳಲ್ಲಿ ಮದುವೆಗೆ, ವಸ್ತುಪ್ರದರ್ಶನಕ್ಕೆ, ಹಳೆಯ ಕಾರುಗಳ ಮಾರಾಟಕ್ಕೆ ಬಾಡಿಗೆಗೆ ಕೊಡುತ್ತಾರೆ. 1880ರ ಕಾಯ್ದೆಯಿಂದ ಶುರುವಾದ ಜಿಲ್ಲಾ ಕೃಷಿ ಸಂಘಗಳು ಇವುಗಳಲ್ಲಿ ಬಹುಪಾಲನ್ನು ನಡೆಸುತ್ತವೆ. ಆ ಸಂಘಗಳು ರಾಜ್ಯ ಸರ್ಕಾರದ ಅಂಗಗಳು. ಒಂಬತ್ತು ಸದಸ್ಯರ ಮಂಡಳಿಯನ್ನು ಗವರ್ನರ್ ನೇಮಿಸುತ್ತಾರೆ. ಇನ್ನು ಕೆಲವು ಬಯಲುಗಳು ಕೌಂಟಿ, ಅಂದರೆ ಜಿಲ್ಲಾಡಳಿತದ ಕೈಯಲ್ಲಿವೆ. ವಿಪತ್ತಿನ ಹೊತ್ತಿಗೆ ಬೇಕಾದ್ದೆಲ್ಲ ಅಲ್ಲಿ ಆಗಲೇ ಇರುತ್ತದೆ. ಲಾರಿ ನುಗ್ಗುವಷ್ಟು ಅಗಲದ ಗೇಟು, ನೂರಾರು ಮಂಚ ಹಾಕಬಹುದಾದ ಸಭಾಂಗಣ, ದೊಡ್ಡ ಅಡುಗೆಮನೆ, ಸ್ನಾನದ ಮನೆಗಳು, ವಾಹನದಲ್ಲೇ ವಾಸ ಮಾಡುವವರಿಗೆ ನೀರು-ವಿದ್ಯುತ್ ಸಂಪರ್ಕ, ಮೇಲಾಗಿ ಸಾಲುಸಾಲು ಕೊಟ್ಟಿಗೆಗಳು. 2007ರ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೊ ಸುತ್ತ ಬೆಂಕಿ ಹಬ್ಬಿದಾಗ ಡೆಲ್ ಮಾರ್ ಬಯಲಿನ ಕೊಟ್ಟಿಗೆಗಳಲ್ಲಿ 2,000ಕ್ಕೂ ಹೆಚ್ಚು ಕುದುರೆಗಳು ತಂಗಿದ್ದವು. ಕುದುರೆಯನ್ನು ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಕಟ್ಟಲಾಗದು. ಪ್ರಾಣಿಗೆ ನೆಲೆ ಸಿಗದಿದ್ದರೆ ಅದನ್ನು ಸಾಕಿದವರು ಬೆಂಕಿ ಅಂಗಳಕ್ಕೆ ಬರುವವರೆಗೂ ಕದಲುವುದಿಲ್ಲ. ಹಾಗಾಗಿ ಈ ಕೊಟ್ಟಿಗೆಗಳು ಮನುಷ್ಯರ ಜೀವವನ್ನೂ ಉಳಿಸುತ್ತವೆ.

ಇಷ್ಟೆಲ್ಲ ಇರುವ ಜಾಗದಲ್ಲಿ ಅನೇಕ ಕಡೆ ಇಲ್ಲದ್ದು ಒಂದೇ: ಸಾವಿರಾರು ಜನ ಒಟ್ಟಿಗೆ ಬಳಸಿದರೂ ಕುಸಿಯದ ಇಂಟರ್‌ನೆಟ್. ಅದರ ಖರ್ಚನ್ನು ಸಾರ್ವಜನಿಕ ಹಣದಿಂದಲೇ ಭರಿಸಬೇಕು. ಕೇಬಲ್ ಎಳೆಯುವ ಒಂದು ಸಲದ ಖರ್ಚು ಮಾತ್ರವಲ್ಲ, ತಿಂಗಳು ತಿಂಗಳು ಬರುವ ಬಿಲ್ಲನ್ನೂ ಸರ್ಕಾರವೇ ಕಟ್ಟಬೇಕು ಎಂಬುದು ಈ ಲೇಖನದ ವಾದ. ಕೇಳಿದೊಡನೆ ಇದು ಅತಿಯಾಯಿತು ಅನ್ನಿಸಬಹುದು. ಮೇಳ ನಡೆಸುವವರಿಗೆ ಆದಾಯ ಇಲ್ಲವೇ, ಅವರೇ ಕಟ್ಟಿಕೊಳ್ಳಲಿ ಎಂದು ಯಾರಾದರೂ ಹೇಳಿಯಾರು. ಆ ಆದಾಯ ಎಲ್ಲಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ನೋಡಿದಾಗಲೇ ವಾದದ ತಿರುಳು ಕಾಣುವುದು. ಅದಕ್ಕೂ ಮುನ್ನ, ಮನೆ ಸುಟ್ಟುಕೊಂಡು ಬಂದವರಿಗೆ ಅನ್ನ, ನೀರು, ಕಂಬಳಿಯ ಜೊತೆ ಇಂಟರ್‌ನೆಟ್ಟೂ ಯಾಕೆ ಬೇಕು ಎಂಬುದನ್ನು ಹೇಳಬೇಕು.

ಶಿಬಿರಕ್ಕೆ ಬಂದ ಕುಟುಂಬವೊಂದು ಮೊದಲ ವಾರದಲ್ಲಿ ಮಾಡಲೇಬೇಕಾದ ಕೆಲಸಗಳು ಹೀಗಿರುತ್ತವೆ. ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ನೆರವು ಬೇಕಾದರೆ ವಿಪತ್ತು ಘೋಷಣೆಯಾದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ನೋಂದಾಯಿಸಬೇಕು. ಫೋನಿನಲ್ಲೂ ಮಾಡಬಹುದು, ನೆರವು ಕೇಂದ್ರಕ್ಕೂ ಹೋಗಬಹುದು. ಆದರೆ ಮುಖ್ಯ ದಾರಿ ವೆಬ್‌ಸೈಟು. ಅಲ್ಲಿ ಸಾಮಾಜಿಕ ಭದ್ರತಾ ಸಂಖ್ಯೆ, ಹಾನಿಯಾದ ಮನೆಯ ವಿಳಾಸ, ವಿಮೆಯ ವಿವರ, ಕುಟುಂಬದ ಆದಾಯ, ಬ್ಯಾಂಕ್ ಖಾತೆಯ ಸಂಖ್ಯೆ ತುಂಬಬೇಕು. ವಿಮಾ ಕಂಪನಿಯ ಪತ್ರ, ಮನೆಯ ದಾಖಲೆಗಳನ್ನು ಮುಂದೆ ಅಪ್‌ಲೋಡ್ ಮಾಡಬೇಕಾಗುತ್ತದೆ. ಮೂಲ ದಾಖಲೆ ಮನೆಯ ಜೊತೆಗೇ ಸುಟ್ಟಿದ್ದರೆ ಅದರ ಪ್ರತಿ ಇರುವುದು ಯಾವುದೋ ಇಮೇಲಿನಲ್ಲಿ. ಆ ಇಮೇಲ್ ತೆರೆಯಲು ಫೋನಿಗೆ ಬರುವ ಸಂಕೇತ ಸಂಖ್ಯೆ ಬೇಕು. ಆ ಸಂಖ್ಯೆ ಬರಲು ಸಿಗ್ನಲ್ ಬೇಕು. ಇದರ ನಡುವೆ ಅಜ್ಜಿಯ ರಕ್ತದೊತ್ತಡದ ಮಾತ್ರೆಯ ಚೀಟಿಯನ್ನು ಬೇರೆ ಊರಿನ ಔಷಧ ಅಂಗಡಿಗೆ ವರ್ಗಾಯಿಸಬೇಕು, ಮಕ್ಕಳ ಶಾಲೆ ಯಾವಾಗ ತೆರೆಯುತ್ತದೆಂದು ತಿಳಿಯಬೇಕು, ಕಾಣೆಯಾದ ನೆರೆಯವರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಹುಡುಕಬೇಕು, ತಮ್ಮ ಬೀದಿ ಉಳಿಯಿತೋ ಇಲ್ಲವೋ ಎಂದು ನಕ್ಷೆ ತೆರೆದು ನೋಡಬೇಕು. ಇಂಗ್ಲಿಷ್ ಬಾರದ ಸ್ಪ್ಯಾನಿಷ್ ಭಾಷಿಕರಿಗೆ, ಓರೊವಿಲ್ ಸುತ್ತಮುತ್ತ ನೆಲೆಸಿರುವ ಹ್ಮಾಂಗ್ ಭಾಷಿಕರಿಗೆ, ಕಿವಿ ಕೇಳದವರಿಗೆ ದುಭಾಷಿ ಸಿಗುವುದು ಹೆಚ್ಚಾಗಿ ವಿಡಿಯೊ ಕರೆಯಲ್ಲೇ. ನೆರವಿನ ವ್ಯವಸ್ಥೆಯನ್ನು ಸರ್ಕಾರ ತಾನಾಗಿಯೇ ಇಂಟರ್‌ನೆಟ್ಟಿಗೆ ಒಯ್ದಿದೆ. ಒಯ್ದ ಮೇಲೆ ಅದನ್ನು ಮುಟ್ಟುವ ದಾರಿಯನ್ನೂ ತಾನೇ ಒದಗಿಸುವುದು ನ್ಯಾಯ.

ಅದೇ ಬಯಲಿನ ಇನ್ನೊಂದು ಮೂಲೆಯಲ್ಲಿ ಬೆಂಕಿ ನಂದಿಸುವವರ ನೆಲೆ ಇದ್ದರೆ ಅವರಿಗೂ ಇದೇ ಸಂಪರ್ಕ ಬೇಕು. ರಾತ್ರಿ ಹೊತ್ತು ಅವಕೆಂಪು ಕ್ಯಾಮೆರಾ ಹೊತ್ತ ವಿಮಾನಗಳು ಬೆಂಕಿಯ ಮೇಲೆ ಹಾರಿ, ಅದರ ಅಂಚು ಎಲ್ಲಿಯವರೆಗೆ ಬಂದಿದೆ ಎಂಬ ದತ್ತಾಂಶ ಕಳಿಸುತ್ತವೆ. ನಕ್ಷೆ ತಯಾರಿಸುವವರು ಬೆಳಗಾಗುವುದರೊಳಗೆ ಅದನ್ನು ಇಳಿಸಿಕೊಂಡು, ದೊಡ್ಡ ಹಾಳೆಗಳಲ್ಲಿ ಮುದ್ರಿಸಿ, ಬೆಳಗಿನ ಸಭೆಯಲ್ಲಿ ತಂಡಗಳ ಕೈಗಿಡಬೇಕು. ಕಡತ ಇಳಿಯುವುದು ತಡವಾದರೆ ತಂಡ ನಿನ್ನೆಯ ನಕ್ಷೆ ಹಿಡಿದು ಇಂದಿನ ಬೆಂಕಿಗೆ ಎದುರಾಗುತ್ತದೆ. 2018ರ ಬೇಸಿಗೆಯಲ್ಲಿ ಮೆಂಡೊಸಿನೊ ಕಾಂಪ್ಲೆಕ್ಸ್ ಬೆಂಕಿಯ ವೇಳೆ ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳಕ್ಕೆ ಆದದ್ದನ್ನು ನೆನೆಯಬೇಕು. ತಂಡಗಳನ್ನು ಎಲ್ಲೆಲ್ಲಿಗೆ ಕಳಿಸಬೇಕೆಂದು ನಿರ್ವಹಿಸುವ ಅವರ ಸಂಪರ್ಕ ವಾಹನದ ಡೇಟಾ ವೇಗವನ್ನು ವೆರೈಝನ್ ಕಂಪನಿ, ತಿಂಗಳ ಮಿತಿ ದಾಟಿತೆಂದು, ಮೊದಲಿದ್ದುದರ 200ನೇ ಒಂದು ಭಾಗಕ್ಕೆ ಇಳಿಸಿತ್ತೆಂದು ದಳದ ಮುಖ್ಯಸ್ಥರು ನ್ಯಾಯಾಲಯಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ತಿಳಿಸಿದರು. ಅದು ಗ್ರಾಹಕ ಸೇವೆಯ ಕಡೆಯಿಂದಾದ ತಪ್ಪು ಎಂದು ಕಂಪನಿ ಒಪ್ಪಿಕೊಂಡಿತು. ತುರ್ತು ಸಿಬ್ಬಂದಿಯ ವೇಗ ಕಡಿತ ಮಾಡುವಂತಿಲ್ಲ ಎಂದು ರಾಜ್ಯ ಮುಂದಿನ ವರ್ಷ ಕಾನೂನನ್ನೂ ತಂದಿತು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಯಾರೋ ಒಬ್ಬರ ಸಿಮ್ ಕಾರ್ಡಿನ ಮಿತಿಯ ಮೇಲೆ ರಾಜ್ಯದ ಅತಿ ದೊಡ್ಡ ಬೆಂಕಿಯೊಂದರ ನಿರ್ವಹಣೆ ನಿಂತಿತ್ತಲ್ಲ ಎಂಬುದೇ ನನಗೆ ಹೆಚ್ಚು ಕಳವಳದ ಸಂಗತಿ.

ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಬಯಲಿಗೆ ಬೇರೆ ಸಂಪರ್ಕ ಯಾಕೆ ಎಂಬ ಪ್ರಶ್ನೆಗೆ 2019ರ ಅಕ್ಟೋಬರ್ ಉತ್ತರ ಕೊಟ್ಟಿದೆ. ಸೊನೊಮಾ ಕೌಂಟಿಯಲ್ಲಿ ಕಿಂಕೇಡ್ ಬೆಂಕಿ ಎದ್ದು ಸುಮಾರು 1,90,000 ಜನರನ್ನು ತೆರವು ಮಾಡಿಸಿದರು. ಸಾಂಟಾ ರೋಸಾ ಮತ್ತು ಪೆಟಲುಮಾದ ಮೇಳದ ಬಯಲುಗಳು ಆಶ್ರಯ ತಾಣಗಳಾದವು. ಅದೇ ದಿನಗಳಲ್ಲಿ, ಗಾಳಿಗೆ ತಂತಿ ಕಿತ್ತು ಹೊಸ ಬೆಂಕಿ ಹತ್ತಬಾರದೆಂದು ವಿದ್ಯುತ್ ಕಂಪನಿ ದೊಡ್ಡ ಪ್ರದೇಶಕ್ಕೆ ಕರೆಂಟು ಕಡಿದಿತ್ತು. ಕರೆಂಟು ಹೋದರೆ ಮೊಬೈಲ್ ಟವರಿನ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಪಕ್ಕದ ಮರಿನ್ ಕೌಂಟಿಯಲ್ಲಿ 280 ಟವರ್ ತಾಣಗಳಲ್ಲಿ ಶೇ 57ರಷ್ಟು ಸತ್ತುಹೋದವು. ಅಪಾಯದ ವಲಯಗಳಲ್ಲಿ ಟವರುಗಳಿಗೆ 72 ಗಂಟೆಗಳ ಪರ್ಯಾಯ ವಿದ್ಯುತ್ ಇರಲೇಬೇಕೆಂದು ರಾಜ್ಯದ ನಿಯಂತ್ರಣ ಆಯೋಗ 2020ರಲ್ಲಿ ಆದೇಶಿಸಿತು. ಆದರೂ ಟವರಿನ ಸ್ವಭಾವ ಬದಲಾಗುವುದಿಲ್ಲ. ಕೆಲವು ನೂರು ಮನೆಗಳಿಗೆಂದು ಅಳೆದು ನಿಲ್ಲಿಸಿದ ಟವರಿನ ಕೆಳಗೆ ಒಂದೇ ರಾತ್ರಿ ಐದು ಸಾವಿರ ಜನ ಬಂದು ಮಲಗಿದರೆ, ಫೋನಿನ ಪರದೆಯಲ್ಲಿ ಕಡ್ಡಿ ಪೂರ್ತಿ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ.

ಈಗ ಹಣದ ಮಾತಿಗೆ ಬರೋಣ. 1933ರಲ್ಲಿ ಕ್ಯಾಲಿಫೋರ್ನಿಯಾ ಕುದುರೆ ಪಂದ್ಯದ ಬೆಟ್ಟಿಂಗನ್ನು ಸಕ್ರಮಗೊಳಿಸಿದಾಗ ಅದರಿಂದ ಬರುವ ಶುಲ್ಕದ ಪಾಲು ಮೇಳಗಳಿಗೆ ಹೋಗುವಂತೆ ಮಾಡಿತು. ದಶಕಗಳ ಕಾಲ ಬಯಲುಗಳ ಶೆಡ್ಡು, ಚಾವಣಿ, ಚರಂಡಿಗಳ ದುರಸ್ತಿ ನಡೆದದ್ದು ಆ ಹಣದಿಂದ. ಪಂದ್ಯಗಳ ಜನಪ್ರಿಯತೆ ಕುಸಿದು ಶುಲ್ಕ ಸೊರಗಿದಾಗ, 2009ರಲ್ಲಿ ಅದರ ಬದಲು ವರ್ಷಕ್ಕೆ 3.2 ಕೋಟಿ ಡಾಲರನ್ನು ಖಜಾನೆಯಿಂದ ಕೊಡುವ ಏರ್ಪಾಡಾಯಿತು. ಎರಡು ವರ್ಷ ಕಳೆಯುವುದರೊಳಗೆ, 2011ರ ಬಜೆಟ್ ಬಿಕ್ಕಟ್ಟಿನಲ್ಲಿ, ಗವರ್ನರ್ ಜೆರ್ರಿ ಬ್ರೌನ್ ಆಡಳಿತ ಅದನ್ನೂ ಪೂರ್ತಿ ನಿಲ್ಲಿಸಿತು. ಅಲ್ಲಿಂದ ಮುಂದೆ ಬಯಲುಗಳು ಟಿಕೆಟ್, ಬಾಡಿಗೆ, ಪಾರ್ಕಿಂಗ್ ಹಣದಲ್ಲೇ ಬದುಕಬೇಕಾಯಿತು. 2017ರಲ್ಲಿ ಬಂದ ಕಾಯ್ದೆಯೊಂದು ಸ್ವಲ್ಪ ಉಸಿರು ಕೊಟ್ಟಿತು: ಬಯಲಿನೊಳಗೆ ನಡೆಯುವ ತೆರಿಗೆ ಬೀಳುವ ಮಾರಾಟದ ಶೇ 0.75ರಷ್ಟು ಮೊತ್ತ ಮೇಳಗಳಿಗೇ ಮರಳಬೇಕು. ಸದುದ್ದೇಶದ ಕಾಯ್ದೆ, ಆದರೆ ಅದರ ಲೆಕ್ಕ ನಿಂತಿರುವುದು ಬಯಲಿನಲ್ಲಿ ವ್ಯಾಪಾರ ನಡೆಯಬೇಕು ಎಂಬುದರ ಮೇಲೆ.

ಇಡೀ ವ್ಯವಸ್ಥೆಯ ದೋಷ ಇರುವುದು ಇಲ್ಲೇ. ಬೆಂಕಿ ಬಿದ್ದ ದಿನ ಬಯಲಿಗೆ ಜನ ತುಂಬುತ್ತಾರೆ, ಆದಾಯ ನಿಲ್ಲುತ್ತದೆ. ಆ ವಾರಕ್ಕೆ ಗೊತ್ತಾಗಿದ್ದ ಮದುವೆ, ಪ್ರದರ್ಶನ, ಮಾರಾಟ ಎಲ್ಲ ರದ್ದು. ಟಿಕೆಟ್ ಇಲ್ಲ, ಪಾರ್ಕಿಂಗ್ ಶುಲ್ಕ ಇಲ್ಲ, ಅಂಗಡಿ ಇಲ್ಲ, ಹಾಗಾಗಿ ಶೇ 0.75ರ ಪಾಲೂ ಇಲ್ಲ. ನೀರು, ಕಸ, ವಿದ್ಯುತ್, ಕಾವಲಿನ ಖರ್ಚು ಮಾತ್ರ ಅನೇಕ ಪಟ್ಟು ಏರುತ್ತದೆ. ಅಗ್ನಿಶಾಮಕ ಇಲಾಖೆ ನೆಲೆ ಹೂಡಿದಾಗ ಬಾಡಿಗೆ ಬರುವುದುಂಟು, ಖರ್ಚಿನ ಕೆಲವು ಭಾಗ ಆಮೇಲೆ ಮರಳುವುದೂ ಉಂಟು. ಆದರೆ ಅದೆಲ್ಲ ಬಳಸಿದ ದಿನಗಳ ಲೆಕ್ಕ. ಯಾರೂ ಬಳಸದ ತಿಂಗಳಲ್ಲೂ ಇಂಟರ್‌ನೆಟ್ ಕಂಪನಿಯ ಬಿಲ್ಲು ಬರುತ್ತಲೇ ಇರುತ್ತದೆ. 2020ರಲ್ಲಿ ಈ ದೋಷ ರಾಜ್ಯದಾದ್ಯಂತ ಒಟ್ಟಿಗೇ ಬಯಲಾಯಿತು. ಕೋವಿಡ್‌ನಿಂದ ಬಹುತೇಕ ಮೇಳಗಳು ರದ್ದಾದವು. ಆ ಆಗಸ್ಟಿನಲ್ಲಿ ಸಾಂಟಾ ಕ್ರೂಜ್ ಗುಡ್ಡಗಳು ಹೊತ್ತಿದಾಗ ವ್ಯಾಟ್ಸನ್‌ವಿಲ್‌ನ ಮೇಳದ ಬಯಲು ಆಶ್ರಯ ತಾಣವಾಯಿತು. ಮರುವರ್ಷ ಪೊಮೋನಾ, ಡೆಲ್ ಮಾರ್, ಸ್ಯಾಕ್ರಮೆಂಟೊದ ಬಯಲುಗಳಲ್ಲಿ ಲಸಿಕೆ ಹಾಕಲಾಯಿತು. ಮೇಳವಿಲ್ಲದ, ಆದಾಯವಿಲ್ಲದ ಕಾಲದಲ್ಲೇ ಈ ಬಯಲುಗಳಿಗೆ ಕೆಲಸ ಹೆಚ್ಚಿತು. ಸಂಪಾದನೆ ನಿಂತ ದಿನವೇ ಹೊಣೆ ಬೀಳುವ ಸಂಸ್ಥೆಗೆ ನಿನ್ನ ಸಂಪಾದನೆಯಿಂದಲೇ ಹೊಣೆ ನಿಭಾಯಿಸು ಎನ್ನುವುದು ಹಣಕಾಸಿನ ಶಿಸ್ತು ಅನ್ನಿಸಿಕೊಳ್ಳುವುದಿಲ್ಲ.

ಹಾಗಾದರೆ ಅಮೆರಿಕದಲ್ಲಿ ಬ್ರಾಡ್‌ಬ್ಯಾಂಡಿಗೆ ಸಾರ್ವಜನಿಕ ಹಣವೇ ಇಲ್ಲವೇ? ಧಾರಾಳವಾಗಿ ಇದೆ, ಮೇಳದ ಬಯಲನ್ನು ಬಿಟ್ಟು ಸುತ್ತ ಹರಿಯುತ್ತಿದೆ. 1996ರ ದೂರಸಂಪರ್ಕ ಕಾಯ್ದೆಯಿಂದ ಹುಟ್ಟಿದ ಇ-ರೇಟ್ ಯೋಜನೆ ಶಾಲೆಗಳ, ಗ್ರಂಥಾಲಯಗಳ ಬಿಲ್ಲಿನಲ್ಲಿ ಶೇ 20ರಿಂದ 90ರವರೆಗೆ ರಿಯಾಯಿತಿ ಕೊಡುತ್ತದೆ. ಬಯಲು ಶಾಲೆಯೂ ಅಲ್ಲ, ಗ್ರಂಥಾಲಯವೂ ಅಲ್ಲ. ತುರ್ತು ಸಿಬ್ಬಂದಿಗೆಂದು 2012ರಲ್ಲಿ ಕಾಂಗ್ರೆಸ್ ಫಸ್ಟ್‌ನೆಟ್ ಎಂಬ ಪ್ರತ್ಯೇಕ ಮೊಬೈಲ್ ಜಾಲಕ್ಕೆ ಅಡಿಪಾಯ ಹಾಕಿತು. ಅದು ಪೊಲೀಸರಿಗೆ, ಅಗ್ನಿಶಾಮಕರಿಗೆ ಸೇರಿದ್ದು, ಮಂಚದ ಮೇಲೆ ಕುಳಿತ ನಿರಾಶ್ರಿತರಿಗಲ್ಲ. 2021ರ ಜುಲೈನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ 600 ಕೋಟಿ ಡಾಲರಿನ ಬ್ರಾಡ್‌ಬ್ಯಾಂಡ್ ಮಸೂದೆಗೆ ಸಹಿ ಹಾಕಿದರು. ಅದರಲ್ಲಿ 325 ಕೋಟಿ ಹೆದ್ದಾರಿಗಳ ಉದ್ದಕ್ಕೂ ಹಾಕುವ, ಯಾವ ಕಂಪನಿ ಬೇಕಾದರೂ ಬಳಸಬಹುದಾದ ಮುಖ್ಯ ಫೈಬರ್ ಜಾಲಕ್ಕೆ. 200 ಕೋಟಿ ಸಂಪರ್ಕವಿಲ್ಲದ ಮನೆ-ಅಂಗಡಿಗಳಿಗೆ ಕೊನೆಯ ಎಳೆ ಮುಟ್ಟಿಸಲು. ಅದೇ ನವೆಂಬರಿನಲ್ಲಿ ಕೇಂದ್ರದ ಮೂಲಸೌಕರ್ಯ ಕಾಯ್ದೆ ದೇಶಕ್ಕೆ 4,245 ಕೋಟಿ ಡಾಲರ್ ಇಟ್ಟಿತು, ಕ್ಯಾಲಿಫೋರ್ನಿಯಾದ ಪಾಲು 186 ಕೋಟಿ. ಆ ಕಾಯ್ದೆ ಮೊದಲು ಸಂಪರ್ಕವೇ ಇಲ್ಲದ ಮನೆಗಳನ್ನು, ಆಮೇಲೆ ಅರೆಬರೆ ಸಂಪರ್ಕದ ಮನೆಗಳನ್ನು, ಕೊನೆಗೆ ಸಮುದಾಯದ ಆಧಾರ ಸಂಸ್ಥೆಗಳನ್ನು ನೋಡಿ ಎನ್ನುತ್ತದೆ. ಆಧಾರ ಸಂಸ್ಥೆಗಳ ಪಟ್ಟಿಯಲ್ಲಿ ಶಾಲೆ, ಗ್ರಂಥಾಲಯ, ಆಸ್ಪತ್ರೆ, ಸಾರ್ವಜನಿಕ ವಸತಿ, ಸುರಕ್ಷತಾ ಸಂಸ್ಥೆಗಳಿವೆ. ಮೇಳದ ಬಯಲಿನ ಹೆಸರಿಲ್ಲ. ವಿಸ್ತಾರವಾಗಿ ಅರ್ಥ ಮಾಡಿದರೆ ಒಳಗೆ ತರಬಹುದು, ಆದರೆ ಸರದಿಯ ಕೊನೆಯಲ್ಲಿ. 2025ರ ಜೂನ್‌ನಲ್ಲಿ ನಿಯಮ ಬದಲಾಗಿ ಕಡಿಮೆ ಖರ್ಚಿನ ಪ್ರಸ್ತಾವಕ್ಕೇ ಆದ್ಯತೆ ಎಂದಾದ ಮೇಲೆ ಆ ಕೊನೆಯ ಜಾಗವೂ ಗಟ್ಟಿಯಾಗಿ ಉಳಿದಿಲ್ಲ. ಯಾರೂ ಬೇಕೆಂದು ಬಯಲನ್ನು ಹೊರಗಿಟ್ಟಿಲ್ಲ. ಮನೆ, ಶಾಲೆ, ಆಸ್ಪತ್ರೆ ಎಂದು ವಿಭಾಗ ಮಾಡಿದವರ ಕಣ್ಣಿಗೆ, ವರ್ಷದಲ್ಲಿ ಹತ್ತು ದಿನ ಈ ಮೂರೂ ಆಗುವ ಜಾಗವೊಂದಿದೆ ಎಂಬುದು ಬೀಳಲಿಲ್ಲ ಅಷ್ಟೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಉಪಗ್ರಹದ್ದು. ವಿಪತ್ತು ಬಂದಾಗ ಗಾಡಿಯ ಮೇಲೆ ಟವರ್ ತರಬಹುದು, ಚಾವಣಿಯ ಮೇಲೆ ಸ್ಟಾರ್‌ಲಿಂಕ್ ತಟ್ಟೆ ಇಡಬಹುದು, ನೆಲ ಅಗೆದು ಫೈಬರ್ ಯಾಕೆ ಹಾಕಬೇಕು? 2020ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮಾಲ್ಡನ್ ಎಂಬ ಪುಟ್ಟ ಊರು ಸುಟ್ಟುಹೋದಾಗ ಸ್ಟಾರ್‌ಲಿಂಕ್ ತಟ್ಟೆಗಳು ಬೇಗನೆ ಸಂಪರ್ಕ ಕೊಟ್ಟದ್ದು ನಿಜ. ಪ್ರತಿ ಬಯಲಿನಲ್ಲೂ ಅಂಥ ತಟ್ಟೆಗಳು ಇರಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಎರಡನೆಯ ದಾರಿಯಾಗಿ. ಒಂದು ತಟ್ಟೆ ಕೊಡುವ ವೇಗ ಕೆಲವು ಕುಟುಂಬಗಳಿಗೆ ಸಾಕು, ಸಾವಿರಾರು ಜನರಿಗೆ ಸಾಲದು. ಒಂದೇ ಪ್ರದೇಶದಲ್ಲಿ ತಟ್ಟೆಗಳು ಹೆಚ್ಚಿದಷ್ಟೂ ಅವು ಒಂದೇ ಉಪಗ್ರಹದ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. ಗಾಡಿಯ ಟವರು ಕೂಡ ತನ್ನ ಹಿಂದೆ ಫೈಬರನ್ನೋ ಉಪಗ್ರಹವನ್ನೋ ಹುಡುಕುತ್ತದೆ. ಬಯಲಿನಲ್ಲಿ ಫೈಬರ್ ಮೊದಲೇ ಇದ್ದರೆ ಅದು ಬಂದು ಸಿಕ್ಕಿಸಿಕೊಳ್ಳುವುದಷ್ಟೇ ಕೆಲಸ. ಇನ್ನೊಂದು ವಿಷಯವನ್ನು ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆಯುತ್ತಾರೆ. ಗೇಟಿನವರೆಗೆ ಬಂದ ಸಂಪರ್ಕ ತಗಡಿನ ಗೋಡೆಯ ಕೊಟ್ಟಿಗೆಯೊಳಗೆ, ಸಭಾಂಗಣದ ಹಿಂದಿನ ಸಾಲಿನ ಮಂಚದವರೆಗೆ, ವಾಹನಗಳು ನಿಂತ ಹುಲ್ಲುಗಾವಲಿಗೆ ತಾನಾಗಿ ತಲುಪುವುದಿಲ್ಲ. ಕಟ್ಟಡ ಕಟ್ಟಡಕ್ಕೂ ತಂತಿ ಎಳೆದು, ವೈಫೈ ಪೆಟ್ಟಿಗೆ ಕೂರಿಸಿ, ಜನರೇಟರಿಗೆ ಜೋಡಿಸಿ, ಹೊರೆ ಹೊರಿಸಿ ಪರೀಕ್ಷೆ ಮಾಡಿ ಇಟ್ಟಿರಬೇಕು. ಇದೆಲ್ಲ ಹೊಗೆ ತುಂಬಿದ ರಾತ್ರಿ ಆಗುವ ಕೆಲಸವಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿ ಅಕ್ಷರಶಃ ಹೊಂದುತ್ತದೆ.

ಎರಡನೆಯ ಆಕ್ಷೇಪ ಶಾಲೆಗಳದ್ದು: ಅವುಗಳಿಗೆ ಹೇಗೂ ಸಬ್ಸಿಡಿಯ ಇಂಟರ್‌ನೆಟ್ ಇದೆ, ಶಿಬಿರಗಳನ್ನು ಅಲ್ಲೇ ಮಾಡಬಹುದಲ್ಲ? ಒಂದೆರಡು ರಾತ್ರಿಗೆ ಸರಿ. ಪ್ಯಾರಡೈಸ್ ಬೆಂಕಿಯ ನಂತರ ಬ್ಯೂಟ್ ಕೌಂಟಿಯ ಶಾಲೆಗಳು ಡಿಸೆಂಬರ್ 3ರವರೆಗೆ ಮುಚ್ಚಿದ್ದವು. ಮಕ್ಕಳು ಮತ್ತೆ ತರಗತಿಗೆ ಬರುವುದು ಒಂದು ಊರು ಚೇತರಿಸಿಕೊಳ್ಳುವುದರ ಮೊದಲ ಹೆಜ್ಜೆ. ವ್ಯಾಯಾಮದ ಕೋಣೆಯಲ್ಲಿ ಜನ ಮಲಗಿದ್ದರೆ ಆ ಹೆಜ್ಜೆ ಇಡಲಾಗದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುವ ಶಿಬಿರಕ್ಕೆ ದಿನನಿತ್ಯದ ಬೇರೆ ಕೆಲಸವಿಲ್ಲದ ಜಾಗವೇ ಬೇಕು.

ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಸೌಲಭ್ಯಕ್ಕೆ ಇಡೀ ವರ್ಷ ಹಣ ಸುರಿಯುವುದು ದಂಡ ಎನ್ನುವವರೂ ಇದ್ದಾರೆ. ಅಗ್ನಿಶಾಮಕ ಠಾಣೆಯ ಬಗ್ಗೆ ಈ ಮಾತನ್ನು ಯಾರೂ ಆಡುವುದಿಲ್ಲ. ಅದನ್ನು ಬಿಟ್ಟರೂ, ಮೇಳದ ಬಯಲಿನ ಫೈಬರ್ ಉಳಿದ ದಿನಗಳಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ತಿಂಡಿ ಅಂಗಡಿಯವರ ಕಾರ್ಡ್ ಯಂತ್ರ, ಜಾನುವಾರು ಹರಾಜಿನ ನೇರ ಪ್ರಸಾರ, ಟಿಕೆಟ್ ತಪಾಸಣೆ ಎಲ್ಲಕ್ಕೂ ಅದು ಬೇಕು. ಒಳ್ಳೆಯ ಸಂಪರ್ಕವಿದ್ದರೆ ತರಬೇತಿ ಶಿಬಿರಗಳು, ಸಮ್ಮೇಳನಗಳು ಬಾಡಿಗೆಗೆ ಬರುತ್ತವೆ. 20,000ಕ್ಕೂ ಕಡಿಮೆ ಜನರಿರುವ ಪ್ಲುಮಾಸ್‌ನಂಥ ಬೆಟ್ಟದ ಕೌಂಟಿಯಲ್ಲಿ ಬಯಲಿನವರೆಗೆ ಫೈಬರ್ ತಲುಪಿತೆಂದರೆ, ದಾರಿಯಲ್ಲಿರುವ ಮನೆ, ಗ್ಯಾರೇಜು, ಚಿಕಿತ್ಸಾಲಯಗಳಿಗೆ ಎಳೆ ಕೊಡುವ ಖರ್ಚು ತಾನಾಗಿ ತಗ್ಗುತ್ತದೆ. ಹೆದ್ದಾರಿಯ ಪಕ್ಕದಲ್ಲಿ ರಾಜ್ಯವೇ ಹಾಕುತ್ತಿರುವ ಮುಖ್ಯ ಜಾಲಕ್ಕೆ ಮೇಳದ ಬಯಲೊಂದು ಸಹಜವಾದ ಇಳಿದಾಣ: ನೆಲ ಸರ್ಕಾರದ್ದು, ಅನುಮತಿಗೆ ಅಲೆಯಬೇಕಿಲ್ಲ, ಉಪಕರಣದ ಕೋಣೆಗೆ ಜಾಗವಿದೆ.

ಹಾಗೆಂದು ಎಲ್ಲ ಬಯಲುಗಳಿಗೂ ಒಂದೇ ಅಳತೆಯಲ್ಲಿ ಹಣ ಹಂಚುವುದು ಸರಿಯಲ್ಲ. ಡೆಲ್ ಮಾರ್, ಆರೆಂಜ್ ಕೌಂಟಿಯಂಥ ದೊಡ್ಡ ನಗರಗಳ ಅಂಚಿನ ಬಯಲುಗಳು ಚೆನ್ನಾಗಿ ದುಡಿಯುತ್ತವೆ. ಅವುಗಳ ಸುತ್ತ ಫೈಬರ್ ಕಂಪನಿಗಳು ಸ್ಪರ್ಧೆಯಲ್ಲಿವೆ. ಗ್ರಾಸ್ ವ್ಯಾಲಿ, ಕ್ವಿನ್ಸಿ, ಸೂಸನ್‌ವಿಲ್‌ನಂಥ, ಕಾಡಿಗೆ ಅಂಟಿಕೊಂಡ, ಮೇಳಕ್ಕೆ ಬರುವವರ ಸಂಖ್ಯೆಯೇ ಕಡಿಮೆ ಇರುವ ಊರುಗಳಲ್ಲಿ ಸಾರ್ವಜನಿಕ ಹಣ ಮೊದಲು ಕಾಣಿಸಬೇಕು. ಕೊಡುವ ಹಣಕ್ಕೆ ಷರತ್ತುಗಳೂ ಬೇಕು. ತುರ್ತು ಘೋಷಣೆಯಾದ ಕ್ಷಣದಿಂದ ಬಯಲಿನ ವೈಫೈ ಎಲ್ಲರಿಗೂ ಉಚಿತ, ಹೆಸರು-ದಾಖಲೆ ಕೇಳುವಂತಿಲ್ಲ ಎಂಬುದು ಒಂದು. ದಾಖಲೆಪತ್ರವಿಲ್ಲದ ವಲಸೆ ಕೃಷಿ ಕಾರ್ಮಿಕರು ಅಷ್ಟೊಂದು ಇರುವ ರಾಜ್ಯದಲ್ಲಿ, ಲಾಗಿನ್ ಪುಟದಲ್ಲಿ ಗುರುತಿನ ಸಂಖ್ಯೆ ಕೇಳಿದರೆ ಜನ ಶಿಬಿರದಿಂದಲೇ ದೂರ ಉಳಿದಾರು. ತುರ್ತು ಸಿಬ್ಬಂದಿಯ ಸಂಚಾರವೂ ಜನರ ಸಂಚಾರವೂ ಬೇರೆ ಬೇರೆ ಇರಬೇಕು. ನಿರಾಶ್ರಿತ ಮಕ್ಕಳು ಸಂಜೆ ವಿಡಿಯೊ ನೋಡಿದರೆ ನಕ್ಷೆ ಇಳಿಸುವುದು ನಿಧಾನವಾಗಬಾರದು, ಮಕ್ಕಳಿಗೆ ವಿಡಿಯೊ ನೋಡಬೇಡಿ ಎನ್ನುವ ಪಾಡೂ ಬರಬಾರದು.

ಫೈಬರೂ ಸುಡುತ್ತದೆ, ಕಡಿಯುತ್ತದೆ ಎಂಬ ಆಕ್ಷೇಪವನ್ನು ಹಗುರಾಗಿ ಕಾಣಲಾಗದು. 2014ರ ಆಗಸ್ಟಿನಲ್ಲಿ ಮೆಂಡೊಸಿನೊ ಕರಾವಳಿಯಲ್ಲಿ ವಾಹನವೊಂದು ಕಂಬಕ್ಕೆ ಗುದ್ದಿ ಒಂದೇ ಒಂದು ಫೈಬರ್ ಕೇಬಲ್ ಹರಿಯಿತು. ಸುಮಾರು ಎರಡು ದಿನ ಆ ಕರಾವಳಿಯ ಊರುಗಳಲ್ಲಿ ಇಂಟರ್‌ನೆಟ್ಟೂ ಇಲ್ಲ, ತುರ್ತು ಕರೆಯ 911 ಕೂಡ ಇಲ್ಲ. ಬೆಂಕಿಯೇ ಬೇಕಾಗಲಿಲ್ಲ. ಇದು ಫೈಬರ್ ಬೇಡ ಎನ್ನಲು ಕಾರಣವಾಗದು. ಒಂದೇ ಎಳೆಯನ್ನು ನಂಬಬೇಡಿ ಎನ್ನಲು ಕಾರಣ. ಬೆಂಕಿಯ ವಲಯದಲ್ಲಿ ಕೇಬಲ್ ಕಂಬದ ಮೇಲೆ ಬೇಡ, ನೆಲದಡಿ ಇರಲಿ. ಬಯಲಿಗೆ ಎರಡು ದಿಕ್ಕಿನಿಂದ ಎಳೆ ಬರಲಿ. ಎರಡನೆಯದು ಆಗದ ಕಡೆ ಎದುರಿನ ಗುಡ್ಡದಿಂದ ರೇಡಿಯೊ ಸಂಪರ್ಕ ಇರಲಿ, ಅದೂ ಆಗದ ಕಡೆ ಉಪಗ್ರಹ. ಖಾಸಗಿ ಕಂಪನಿ ತನ್ನ ಲಾಭದ ಲೆಕ್ಕದಲ್ಲಿ ಎಂದೂ ಹಾಕದ ಎಳೆ ಅಂದರೆ ಈ ಎರಡನೆಯ ಎಳೆ, ಏಕೆಂದರೆ ಅದರಿಂದ ಒಬ್ಬ ಹೊಸ ಗ್ರಾಹಕನೂ ಬರುವುದಿಲ್ಲ. ಮಾರುಕಟ್ಟೆ ಮಾಡದ, ಆದರೆ ಮಾಡಲೇಬೇಕಾದ ಕೆಲಸಕ್ಕೆ ತಾನೇ ತೆರಿಗೆ ಹಣ ಇರುವುದು.

2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 1,000 ಕೋಟಿ ಡಾಲರಿನ ಹವಾಮಾನ ಬಾಂಡಿಗೆ ಒಪ್ಪಿಗೆ ಕೊಟ್ಟರು. ವಿಪತ್ತಿನ ಹೊತ್ತಿಗೆ ಮೇಳದ ಬಯಲುಗಳನ್ನು ಸಜ್ಜುಗೊಳಿಸಲೆಂದೇ ಅದರಲ್ಲಿ ಒಂದು ಪಾಲಿದೆ. ರಾಜ್ಯ ಈ ಬಯಲುಗಳ ನಿಜವಾದ ಕೆಲಸವನ್ನು ಕೊನೆಗೂ ಕಾನೂನಿನ ಭಾಷೆಯಲ್ಲಿ ಒಪ್ಪಿಕೊಂಡಿದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಬಾಂಡಿನ ಹಣದ ಸ್ವಭಾವವೇ ಬೇರೆ. ಅದರಿಂದ ಚಾವಣಿ ಹಾಕಬಹುದು, ಜನರೇಟರ್ ಕೊಳ್ಳಬಹುದು, ನೆಲ ಅಗೆದು ಕೊಳವೆ ಇಟ್ಟು ಫೈಬರ್ ಎಳೆಯಬಹುದು. ತಿಂಗಳ ಬಿಲ್ಲು ಕಟ್ಟಲಾಗದು, ಹಳೆಯದಾದ ವೈಫೈ ಪೆಟ್ಟಿಗೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಲಾಗದು, ಬೆಂಕಿಯ ಋತುವಿಗೆ ಮುಂಚೆ ಬಂದು ಪರೀಕ್ಷಿಸುವ ತಂತ್ರಜ್ಞನಿಗೆ ಸಂಬಳ ಕೊಡಲಾಗದು. ಅದಕ್ಕೆ ದಾರಿ ಕಷ್ಟದ್ದಲ್ಲ. ರಾಜ್ಯದ ಶಾಲೆ, ಕಾಲೇಜು, ಗ್ರಂಥಾಲಯಗಳನ್ನು ಜೋಡಿಸುವ ಸೆನಿಕ್ ಎಂಬ ಲಾಭರಹಿತ ಸಂಸ್ಥೆಯ ಜಾಲ ಆಗಲೇ ಅನೇಕ ಕೌಂಟಿಗಳ ಮುಖ್ಯ ಊರುಗಳವರೆಗೆ ಬಂದಿದೆ. ಮೇಳದ ಬಯಲುಗಳನ್ನು ಆ ಸದಸ್ಯರ ಸಾಲಿಗೆ ಸೇರಿಸಿ, ಚಂದಾವನ್ನು ರಾಜ್ಯದ ತುರ್ತು ಸೇವೆಗಳ ಕಚೇರಿಯ ವಾರ್ಷಿಕ ಬಜೆಟ್ಟಿನಲ್ಲೇ ತೋರಿಸಬೇಕು. ಕೃಷಿ ಇಲಾಖೆಯ ಮೇಳಗಳ ಲೆಕ್ಕದಲ್ಲಿ ಅದನ್ನು ಇಡಬಾರದು. ಅಲ್ಲಿಟ್ಟರೆ ಮುಂದಿನ ಬಜೆಟ್ ಬಿಕ್ಕಟ್ಟಿನಲ್ಲಿ ಅದು ಮತ್ತೆ ಮನರಂಜನೆಯ ಖರ್ಚಿನಂತೆ ಕಾಣುತ್ತದೆ, 2011ರಲ್ಲಿ ಕತ್ತರಿ ಬಿದ್ದಂತೆಯೇ ಬೀಳುತ್ತದೆ.